ಛತ್ರಿ ಎಜೀದಿಯೊ ವಿಲ್ಲಾದ ಯಜಮಾನನಾದದ್ದು

ಸರೋವರದ ದಂಡೆಯ ನಮ್ಮ ಲೆಂಬ್ರೇನೊ ಊರಿನಲ್ಲಿ ‘ಛತ್ರಿ’ ಎಂದರೆ ಎಜೀದಿಯೊ ಪೆದುಜ್ಜಿ ಒಬ್ಬನೇ. ದೋಣಿಕಟ್ಟೆಯ ಎದುರು, ನನ್ನ ಕಾಫಿ ಅಂಗಡಿಯ ಗೋಡೆಗೆ ಗೋಡೆ ತಾಗಿಸಿಕೊಂಡು ಅವನ ಛತ್ರಿ ಅಂಗಡಿ ಇತ್ತು. ಆ ಪದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ, ಆ ಅರ್ಥದಲ್ಲಿ ಅವನನ್ನು ಯಾರೂ ಕರೆದದ್ದಿಲ್ಲ. ಆ ಜಾತಿಯ ಛತ್ರಿಯಾಗಲು ಬೇಕಾದ ಬುದ್ಧಿ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಅವನ ಬಾಯಿ ಬೆಳಗಿನ ದೋಣಿಗೆ ಹೊರಟುಬಿಡುತ್ತಿತ್ತು. ಬುದ್ಧಿ ಸಂಜೆಯ ದೋಣಿಗೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತಿತ್ತು. ಈ ನಡುವಿನ ಹೊತ್ತಿನಲ್ಲಿ ಆಗುವ ಅನಾಹುತಗಳಿಗೆ ಅವನ ಹೆಂಡತಿ ಪಾಲ್ಮಿರಾ ಜವಾಬ್ದಾರಳು.

ಅವರ ಮಗಳು ಲೊರೆದಾನಾಳನ್ನು ಮಿಲಾನಿನ ಹುಡುಗನೊಬ್ಬ ಮೆಚ್ಚಿದ. ವಾಲ್ತೆರ್ ಅಂತ ಹೆಸರು, ಔಷಧಿ ಅಂಗಡಿಯಲ್ಲಿ ಕೆಲಸ, ಮಾತು ಕಡಿಮೆ. ಅವನಾಡದ ಮಾತನ್ನೆಲ್ಲ ಅವನ ತಾಯಿ ಸಿನ್ಯೋರಾ ವಿಗನೋ ಆಡುತ್ತಿದ್ದಳು. ಆಕೆ ವಿಧವೆ, ದೊಡ್ಡ ಬಟ್ಟೆ ಅಂಗಡಿಯ ಒಡತಿ. ಹುಡುಗಿಯ ಮನೆತನ ನೋಡಲು ಈಸ್ಟರ್ ಕಳೆದ ಭಾನುವಾರ ಬರುತ್ತೇನೆಂದು ಹೇಳಿ ಕಳಿಸಿದಳು.

ಎಜೀದಿಯೊ ನನ್ನ ಅಂಗಡಿಗೆ ಓಡಿ ಬಂದ. “ಮನೆತನ ನೋಡ್ಬೇಕಂತಪ್ಪ! ಅಂಗಡಿ ಮೇಲೆ ಎರಡು ಕೋಣೆ ಇದೆ, ಒಂದರ ತುಂಬ ಛತ್ರಿ ಕಡ್ಡಿ. ಏನು ತೋರಿಸ್ಲಿ?”

“ಸರೋವರ ತೋರಿಸು,” ಎಂದೆ ನಾನು. “ಹೆಂಗೂ ನಿನ್ನ ಭಾವಮೈದುನಂದು ದೋಣಿ ಇದೆ. ಸುತ್ತ ವಿಲ್ಲಾಗಳಿವೆ. ಅಷ್ಟೊಂದು ಚೆಂದ ನೋಡಿದ ಕಣ್ಣು ಆಮೇಲೆ ನಿನ್ನ ಮನೆ ನೋಡೋವಾಗ ಸುಸ್ತಾಗಿರುತ್ತೆ.”

ಜೀವಮಾನದಲ್ಲಿ ನಾನು ಕೊಟ್ಟ ಸಲಹೆಗಳಲ್ಲಿ ಇದೇ ಅತ್ಯುತ್ತಮವಾದದ್ದೆಂದು ಆಗ ಅನ್ನಿಸಿತ್ತು.

ಭಾವಮೈದುನ ತಾರ್ಚೀಸಿಯೊ ಪ್ರವಾಸಿಗಳನ್ನು ಸುತ್ತಾಡಿಸುವ ಮೋಟಾರು ದೋಣಿಯ ಮಾಲೀಕ. ಆ ವರ್ಷ ಅದಕ್ಕೊಂದು ಧ್ವನಿವರ್ಧಕ ಹಾಕಿಸಿದ್ದ. ಪಕ್ಕದಲ್ಲೇ ಕೂತ ಹೆಂಡತಿಗೂ ಅದರಲ್ಲೇ ‘ನೀರು ಕೊಡೇ’ ಎನ್ನುತ್ತಿದ್ದ. ಭಾನುವಾರ ನಾವೆಲ್ಲ ಹತ್ತಿದೆವು. ಕಾಫಿ ಒದಗಿಸುವ ನೆಪದಲ್ಲಿ ನಾನೂ ಇದ್ದೆ.

ಸಿನ್ಯೋರಾ ವಿಗನೋ ಬೂದು ಕೈಗವಸು ತೊಟ್ಟು ಮುಂದಿನ ಸೀಟಿನಲ್ಲಿ ನೇರವಾಗಿ ಕುಳಿತಳು. ದೋಣಿ ಏರುವಾಗ ಎಜೀದಿಯೊನನ್ನು ಆಕೆ ಸಂಬೋಧಿಸಿದ ರೀತಿ ಹೀಗಿತ್ತು: “ಏನ್ರೀ ಛತ್ರಿಯವರೇ, ಈ ಹಲಗೆ ಗಟ್ಟಿ ಇದ್ಯಾ?”

ದೋಣಿ ಹೊರಟಿತು. ಬೆಟ್ಟದ ನೆತ್ತಿಯಲ್ಲಿ ಇನ್ನೂ ಹಿಮವಿತ್ತು, ದಡದಲ್ಲಿ ಕಮೇಲಿಯಾ ಹೂ ಉದುರಿ ನೀರೆಲ್ಲ ಕೆಂಪಾಗಿತ್ತು. ಹಳದಿ ವಿಲ್ಲಾ, ಗುಲಾಬಿ ವಿಲ್ಲಾ, ನೀರಿಗೇ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಹಂತ ಹಂತವಾಗಿ ಮೇಲೇರುವ ತೋಟಗಳು. ಇವುಗಳ ಒಳಗೆ ನಮ್ಮೂರಿನವರು ಯಾರೂ ಕಾಲಿಟ್ಟವರಲ್ಲ. ನಮ್ಮ ಪಾಲಿಗೆ ವಿಲ್ಲಾ ಎಂದರೆ ನೀರಿನಿಂದ ಕಾಣುವಷ್ಟೇ. ಆದ್ದರಿಂದ ಎಜೀದಿಯೊಗೆ ಇತಿಹಾಸ ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

“ಆ ಹಳದಿ ವಿಲ್ಲಾ ಇದ್ಯಲ್ಲ, ಅಲ್ಲಿದ್ದ ಕಾರ್ಡಿನಲ್ ಒಬ್ಬ ನಿಂಬೆಹಣ್ಣಿನ ಆಸೆಗೆ ಪೋಪ್ ಆಗೋದನ್ನೇ ಬಿಟ್ಬಿಟ್ಟ.”

“ಹೌದಾ?” ಎಂದಳು ಸಿನ್ಯೋರಾ.

“ಸುಳ್ಳು ಯಾಕೆ ಹೇಳ್ಲಿ? ನಿಂಬೆಮರ ಇನ್ನೂ ಅಲ್ಲೇ ಇದೆ, ನೋಡಿ!”

ಈ ಸಾಕ್ಷಿಗೆ ಎದುರಾಡಲಾರದೆ ಸಿನ್ಯೋರಾ ತಲೆಯಾಡಿಸಿದಳು. ಎಜೀದಿಯೊಗೆ ಹುರುಪೇರಿತು. ಗುಲಾಬಿ ವಿಲ್ಲಾದಲ್ಲಿ ಒಬ್ಬ ಸೇನಾಪತಿ ಹೆಂಡತಿಗೆ ಹೆದರಿ ಗಡಿಯಾರದ ಗೋಪುರದಲ್ಲಿ ಅಡಗಿದ. ಅದರ ಮುಂದಿನದರಲ್ಲಿ ರಷ್ಯಾದ ರಾಜಕುಮಾರಿ ನವಿಲುಗಳಿಗೆ ಪಿಯಾನೋ ಕಲಿಸಿದಳು. ಪಾಲ್ಮಿರಾ ಪಕ್ಕದಿಂದ ಚಿವುಟಿದಷ್ಟೂ ರಾಜಕುಮಾರಿಯರ ಸಂಖ್ಯೆ ಹೆಚ್ಚುತ್ತಿತ್ತು.

ಆಮೇಲೆ ವಿಲ್ಲಾ ಫ್ಯೋರಾಲ್ಬಾ ಬಂತು. ನಮ್ಮೂರಿನ ಅಂಚಿನಲ್ಲಿರುವ ಹಳೆಯ ವಿಲ್ಲಾ. ಕಿಟಕಿಗಳು ಮುಚ್ಚಿ ವರ್ಷಗಳಾಗಿದ್ದವು. ಒಡತಿ ದೊನ್ನಾ ಕ್ಲೆಲಿಯಾ ತೂರಿನ್ ಪಟ್ಟಣದ ಸೋದರಳಿಯನ ಹತ್ತಿರ ಹೋಗಿದ್ದಾಳೆ ಎಂದು ಕೆಲವರು, ಮಾರಿಬಿಟ್ಟಿದ್ದಾಳೆ ಎಂದು ಹಲವರು ಹೇಳುತ್ತಿದ್ದರು. ತೋಟ ಕಾಡಾಗಿತ್ತು, ಆದರೂ ಅಜೇಲಿಯಾ ಪೊದೆಗಳು ಯಾರ ಅಪ್ಪಣೆಯೂ ಇಲ್ಲದೆ ಮೊಗ್ಗು ಬಿಟ್ಟಿದ್ದವು. ಅದನ್ನು ಕಂಡರೆ ಎಜೀದಿಯೊಗೆ ಸುಳ್ಳು ಹೇಳಲು ಬಾಯಿ ಬರುತ್ತಿರಲಿಲ್ಲ. ಅವನು ಟೋಪಿ ತೆಗೆದು ಸುಮ್ಮನೆ ನೋಡಿದ.

ಸಿನ್ಯೋರಾ ಏನೋ ಕೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಎಜೀದಿಯೊಗೆ ಅದು ‘ನಿಮ್ಮೂರದ್ದಾ?’ ಎಂದು ಕೇಳಿಸಿತು. ಆಕೆ ಕೇಳಿದ್ದು ‘ನಿಮ್ಮದಾ?’ ಅಂತ.

“ಹೌದೌದು, ನಮ್ಮಜ್ಜನ ಕಾಲದಿಂದ್ಲೂ!” ಎಂದು ಅವನು ಎದೆಯುಬ್ಬಿಸಿ ಕೂಗಿದ.

ಸಿನ್ಯೋರಾ ವಿಗನೋ ವಿಲ್ಲಾವನ್ನು ನೋಡಿದಳು. ಎಜೀದಿಯೊನನ್ನು ನೋಡಿದಳು. ಕೈಗವಸು ಕಳಚಿದಳು.

ಊಟಕ್ಕೆ ಮೀನು ಹಾಕಿದ ರಿಸೊತ್ತೊ ಅನ್ನ ಮಾಡಿದ್ದರು. ಛತ್ರಿ ಕಡ್ಡಿಗಳನ್ನು ಮಂಚದಡಿ ತುರುಕಿ ಮೇಜು ಹಾಕಿದ್ದರು. ಸಿನ್ಯೋರಾ ಆ ಕಿರುಕೋಣೆಯನ್ನು ಮೆಚ್ಚುಗೆಯಿಂದ ನೋಡುತ್ತ ಹೇಳಿದಳು: “ಸಿನ್ಯೋರ್ ಪೆದುಜ್ಜಿ, ನಿಮ್ಮ ಸರಳತೆ ನಂಗೆ ತುಂಬ ಹಿಡಿಸ್ತು. ಅಷ್ಟು ದೊಡ್ಡ ವಿಲ್ಲಾ ಇಟ್ಕೊಂಡು ಇಲ್ಲಿ ಇರ್ತೀರಲ್ಲ! ನಿಜವಾದ ಶ್ರೀಮಂತರು ಹೀಗೇ. ಮದುವೆ ಊಟ ಮೇ ತಿಂಗಳಲ್ಲಿ, ನಿಮ್ಮ ಆ ತೋಟದಲ್ಲೇ ಆಗ್ಲಿ.”

ಪಾಲ್ಮಿರಾಳ ಕೈಯಿಂದ ಸೌಟು ಬಿತ್ತು. ಲೊರೆದಾನಾ ಅಪ್ಪನನ್ನು ದುರುಗುಟ್ಟಿ ನೋಡಿದಳು. ಎಜೀದಿಯೊ ಬಾಯಿ ತೆರೆದ. ‘ಅದು ಹಾಗಲ್ಲ’ ಎನ್ನಬೇಕೆಂದು ತೆರೆದದ್ದು ನಿಜ. ಆದರೆ ಜೀವನದಲ್ಲಿ ಮೊದಲ ಸಲ ಒಬ್ಬರು ಅವನನ್ನು ‘ಸಿನ್ಯೋರ್ ಪೆದುಜ್ಜಿ’ ಎಂದಿದ್ದರು. ಅದು ಕಿವಿಯಲ್ಲಿ ಇನ್ನೂ ಕರಗುತ್ತಿತ್ತು. “ಇನ್ನೊಂದ್ ಸ್ವಲ್ಪ ಬಡಿಸ್ಲಾ?” ಎಂಬ ಮಾತು ಹೊರಬಂತು.

ಸಿನ್ಯೋರಾ ಮಿಲಾನಿಗೆ ಹಿಂದಿರುಗುವ ಮುನ್ನ ನನ್ನ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಈ ಸುದ್ದಿಯನ್ನು ಗಟ್ಟಿಯಾಗಿ ಹೇಳಿದಳು. ನನ್ನ ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿದ್ದನ್ನು ಇಗರ್ಜಿಯಲ್ಲಿ ಪಾದ್ರಿಗಳು ಮತ್ತೆ ಸಾರುವ ಅಗತ್ಯವಿಲ್ಲ.

ಎಜೀದಿಯೊನ ಹತ್ತಿರ ಮೊದಲು ಬಂದವಳು ಬ್ರೆಡ್ಡಿನ ಒನೊರೀನಾ. “ಛತ್ರಿ ಮಾರಿ ವಿಲ್ಲಾ ತಗೊಳೋ ಹಾಗಿದ್ರೆ ನಾನ್ಯಾಕೆ ಬ್ರೆಡ್ ಸುಡ್ತಿದ್ದೆ? ನಿದ್ದೆ ಬಂದಿಲ್ಲ ಕಣಪ್ಪ ನಂಗೆ!” ಎಂದು ಎದೆ ಒತ್ತಿಕೊಂಡಳು.

“ಒನೊರೀನಾ, ಅದು ಹಾಗಲ್ಲ—”

“ಇರ್ಲಿ ಬಿಡು, ದೊಡ್ಡವರಾದ್ರಿ. ತೋಟದಲ್ಲಿ ಅಂಜೂರ ಹಣ್ಣಾದ್ರೆ ನೆನಪಿಟ್ಕೊ.”

ಆಮೇಲೆ ಊರ ಅಧ್ಯಕ್ಷ ಬೊರ್ದೋಲಿ ಬಂದ. ಚುನಾವಣೆಯ ಕಾಲದಲ್ಲೂ ತೆಗೆಯದ ಟೋಪಿಯನ್ನು ತೆಗೆದ. ಸಂತ ಯೋಹಾನರ ಹಬ್ಬದ ಪಟಾಕಿಯನ್ನು ಇನ್ನು ಮುಂದೆ ವಿಲ್ಲಾದ ಗೋಡೆಯಿಂದ ಹಾರಿಸಲು ಅನುಮತಿ ಬೇಕು ಎಂದ. ಗಾಬರಿಯಾದ ಎಜೀದಿಯೊ, “ಯೋಚನೆ ಮಾಡೋಣ,” ಎಂದುಬಿಟ್ಟ. ತಾನು ಜನರಿಗೆ ದಿನಾ ಹೇಳುವ ಮಾತನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಅಧ್ಯಕ್ಷನಿಗೆ ಅವನ ಮೇಲಿನ ಗೌರವ ಇಮ್ಮಡಿಯಾಯಿತು.

ಪಾದ್ರಿ ದೊನ್ ಕಾಸಿಮೀರೊ ಮಾತ್ರ ನೊಂದುಕೊಂಡರು. “ಇಷ್ಟು ವರ್ಷ ಪಾಪ ಒಪ್ಕೊಳ್ಳೋಕೆ ಬರ್ತೀಯ. ಒಂದು ಸಲನಾದ್ರೂ ವಿಲ್ಲಾ ಕೊಂಡ ವಿಷಯ ಹೇಳಿದ್ಯೇನೋ?”

“ಸ್ವಾಮಿ, ಅದು ಪಾಪ ಅಲ್ವಲ್ಲ!”

“ಕೊಂಡಿದ್ದು ಪಾಪ ಅಲ್ಲ. ಇಗರ್ಜಿ ಮಾಡು ಸೋರ್ತಿರೋವಾಗ ಬಚ್ಚಿಟ್ಟಿದ್ದು ಪಾಪ.”

ಎಲ್ಲಕ್ಕಿಂತ ಹೆಚ್ಚು ಮುನಿದವನು ತಾರ್ಚೀಸಿಯೊ. “ಸ್ವಂತ ಭಾವಮೈದುನ ನಾನು, ನಂಗೂ ಹೇಳ್ಲಿಲ್ಲ ಅಲ್ಲಾ ಭಾವ?” ಎಂದು ಕಣ್ಣೊರೆಸಿಕೊಂಡ. ಆದರೆ ಉದಾರಿ. ಮರುದಿನದಿಂದಲೇ ಧ್ವನಿವರ್ಧಕದಲ್ಲಿ ಶುರುಮಾಡಿದ: “ಎಡಗಡೆ ನೋಡಿ, ಎಡಗಡೆ! ಭವ್ಯವಾದ ವಿಲ್ಲಾ ಫ್ಯೋರಾಲ್ಬಾ! ಯಜಮಾನರು ಸಿನ್ಯೋರ್ ಎಜೀದಿಯೊ ಪೆದುಜ್ಜಿ, ನನ್ನ ಖಾಸಾ ಅಕ್ಕನ ಗಂಡ!” ದೋಣಿ ತುಂಬ ಜನ ‘ಆಹಾ!’ ಎನ್ನುತ್ತಿದ್ದರು. ಜರ್ಮನಿಯ ಪ್ರವಾಸಿಗಳು ಛತ್ರಿ ಅಂಗಡಿಯ ಮುಂದೆ ನಿಂತು ಎಜೀದಿಯೊನ ಫೋಟೋ ತೆಗೆದರು.

ಮನೆಯಲ್ಲಿ ಲೊರೆದಾನಾಳದ್ದು ಒಂದೇ ಮಾತು: “ಅಪ್ಪಾ, ನೀನು ಅವ್ರಿಗೆ ನಿಜ ಹೇಳ್ತೀಯೋ, ನಾನು ಹೇಳ್ಲೋ? ಸುಳ್ಳಿನ ಮೇಲೆ ನಾನು ಮದುವೆ ಆಗಲ್ಲ.”

“ಹೇಳ್ತೀನಿ ಮಗಳೇ. ಒಂದು ಒಳ್ಳೆ ಸಂದರ್ಭ ಬರ್ಲಿ.”

“ಮದುವೆ ಗಂಟೆ ಹೊಡೆಯೋವಾಗ ಬರುತ್ತೆ ನಿನ್ನ ಸಂದರ್ಭ!” ಎಂದು ಪಾಲ್ಮಿರಾ ಒಲೆಯ ಕಡೆಯಿಂದ ಗುಡುಗಿದಳು.

ಸಂದರ್ಭ ಬರಲಿಲ್ಲ. ಅದರ ಬದಲು ಒಂದು ಮಳೆಯ ದಿನ, ಕಪ್ಪು ಮೇಲುಡುಪಿನ ದಪ್ಪ ಹೆಂಗಸೊಬ್ಬಳು ಛತ್ರಿ ಅಂಗಡಿಗೆ ಬಂದಳು. “ನಾನು ವಿಲ್ಲಾ ಫ್ಯೋರಾಲ್ಬಾದ ಕೆಲಸದ ಎರ್ಸಿಲಿಯಾ. ನಮ್ಮ ದೊನ್ನಾ ಕ್ಲೆಲಿಯಾ ಯಜಮಾನರನ್ನ ಕರೀತಿದ್ದಾರೆ.”

“ದೊನ್ನಾ ಕ್ಲೆಲಿಯಾ... ಅಲ್ಲೇ ಇದ್ದಾರಾ?” ಎಂದ ಎಜೀದಿಯೊ. ಅವನ ಮುಖ ಮೆಕ್ಕೆಜೋಳದ ಪೊಲೆಂತಾ ಹಿಟ್ಟಿನ ಹಾಗೆ ಬಣ್ಣಗೆಟ್ಟಿತ್ತು.

“ಎಲ್ಲಿಗೂ ಹೋಗಿಲ್ಲ. ಹಿಂದಿನ ಕೋಣೇಲಿ ಇರ್ತಾರೆ. ದಿನಾ ಮಧ್ಯಾಹ್ನ ಧ್ವನಿವರ್ಧಕ ಕೇಳ್ತಾರೆ.”

ನನ್ನನ್ನೂ ಎಳೆದುಕೊಂಡೇ ಹೋದ. ಕಾಣಿಕೆಯಾಗಿ ಅಂಗಡಿಯ ಅತ್ಯುತ್ತಮ ರೇಷ್ಮೆ ಛತ್ರಿಯನ್ನು ಹಿಡಿದಿದ್ದ. ಒಳಗೆ ಹೋದರೆ ಅದು ಕಾಣಿಕೆಯಲ್ಲ, ಅಗತ್ಯ ವಸ್ತು ಎಂದು ತಿಳಿಯಿತು. ಚಿತ್ರ ಬರೆದ ಚಾವಣಿಯಿಂದ ಬೋಗುಣಿಗಳಿಗೆ ನೀರು ತೊಟ್ಟಿಕ್ಕುತ್ತಿತ್ತು. ನಡುವೆ ಕುರ್ಚಿಯಲ್ಲಿ ಹಕ್ಕಿಯಷ್ಟು ಸಣ್ಣ ಮುದುಕಿ.

“ಬಂದ್ರಾ ಯಜಮಾನರು? ಬನ್ನಿ. ನಿಮ್ಮ ಮಾಡು ಸೋರ್ತಾ ಇದೆ.”

ಎಜೀದಿಯೊ ಮೊಣಕಾಲೂರಿದ. ಎಂಜಿನ್ನಿನ ಸದ್ದು, ರಿಸೊತ್ತೊ, ಸಿನ್ಯೋರ್ ಎಂಬ ಪದ, ಮಗಳ ಮದುವೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಕ್ರಮ ತಪ್ಪಿಸಿ ಹೇಳಿದ. “ನನ್ನದಲ್ಲಮ್ಮ! ನಾನು ಬರೀ ನೋಡೋನು! ಚಿಕ್ಕಂದಿನಿಂದ ನೀರಿಂದ ನೋಡ್ತೀನಿ, ಅಷ್ಟೇ!”

“ನೋಡೋಕೆ ಏನಿದೆ ಇದರಲ್ಲಿ? ನನ್ನ ಸೋದರಳಿಯ ಇದು ಕಲ್ಲಿನ ರಾಶಿ, ಮಾರಿಬಿಡಿ ಅಂತಾನೆ. ಕೊಳ್ಳೋರು ಕೆಡವಿ ಹೋಟೆಲು ಕಟ್ತಾರಂತೆ.”

“ಕೆಡವೋದಾ?” ಎಜೀದಿಯೊ ಧಡಕ್ಕನೆ ಎದ್ದುನಿಂತ. ಹೆದರಿಕೆಯನ್ನೇ ಮರೆತ. “ಬೆಳಗಿನ ಬಿಸಿಲು ಇಡೀ ದಡದಲ್ಲಿ ಮೊದಲು ಬೀಳೋದು ನಿಮ್ಮ ಮೇಲಿನ ಕಿಟಕಿಗೇ, ಗೊತ್ತಾ? ಅದು ಮಿಂಚಿದ್ರೆ ಬೆಸ್ತರು ಬಲೆ ಎತ್ತುತ್ತಾರೆ. ಆ ಎರಡು ಸೈಪ್ರೆಸ್ ಮರ, ಒಂದು ಕುಡಿದೋನು, ಒಂದು ಅವನನ್ನ ಮನೆಗೆ ಕರ್ಕೊಂಡು ಹೋಗೋನು. ಗಾಳಿ ಬೀಸಿದ್ರೆ ಜಗಳ ಆಡ್ತಾವೆ. ಮೂಗಿಲ್ಲದ ಒಂದು ಕಲ್ಲಿನ ಗೊಂಬೆ ಇದ್ಯಲ್ಲ ಮೆಟ್ಟಿಲ ಹತ್ರ, ಅದಕ್ಕೆ ಕೈ ಮುಗೀದೆ ನಮ್ಮಲ್ಲಿ ಯಾರೂ ದೋಣಿ ಬಿಡಲ್ಲ! ನಿಮಗೆ ಗೊತ್ತಿಲ್ವಾ ಇದೆಲ್ಲ?”

ದೊನ್ನಾ ಕ್ಲೆಲಿಯಾ ಮುಚ್ಚಿದ ಕಿಟಕಿಯ ಕಡೆ ತಿರುಗಿದಳು. ಬೋಗುಣಿಗಳಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

“ಹೆಂಗೆ ಗೊತ್ತಿರುತ್ತೆ? ನೀರು ಕಂಡ್ರೆ ನಂಗೆ ಭಯ. ಹುಟ್ಟಿದಾಗಿಂದ ದೋಣಿ ಹತ್ತಿಲ್ಲ. ನನ್ನ ಮನೇನ ನಾನು ಎದುರಿಂದ ನೋಡೇ ಇಲ್ಲ. ಮಧ್ಯಾಹ್ನ ಜನ ‘ಆಹಾ’ ಅನ್ನೋದು ಕೇಳ್ಸುತ್ತೆ. ಏನು ನೋಡಿ ಅಂತಾರೋ ಅಂತ ಯೋಚನೆ ಮಾಡ್ತಾ ಕೂತಿರ್ತೀನಿ.”

ಆಮೇಲೆ ಮೂಲೆಯಲ್ಲಿದ್ದ ತೋಟದ ಕತ್ತರಿಯ ಕಡೆ ಕೈ ತೋರಿಸಿದಳು. “ಮೇ ತಿಂಗಳಲ್ಲಿ ಮದುವೆ ಅಂದ್ರಲ್ಲ? ತೋಟ ಕಾಡಾಗಿದೆ. ಯಜಮಾನರಲ್ವಾ, ಶುರು ಮಾಡಿ. ಆದ್ರೆ ಆ ಮಿಲಾನಿನ ಹೆಂಗಸಿಗೆ ನಿಜ ಹೇಳ್ಬೇಕು. ನನ್ನ ತೋಟದಲ್ಲಿ ಸುಳ್ಳು ಮದುವೆ ನಡೆಯಕೂಡದು.”

ಎಜೀದಿಯೊ ಕಾಡಿನ ಮುಂದೆ ಒಬ್ಬನೇ ಕತ್ತರಿ ಹಿಡಿದು ನಿಂತಾಗ ಸಹಾಯಕ್ಕೆ ಕರೆಯದೆ ಉಪಾಯವಿರಲಿಲ್ಲ. ಕರೆದಾಗ ನಿಜ ಹೇಳದೆಯೂ ಉಪಾಯವಿರಲಿಲ್ಲ. ಊರಿನವರ ಮುಂದೆ ತಲೆ ತಗ್ಗಿಸಿ ಒಪ್ಪಿಕೊಂಡ. ಮೊದಲು ಮಾತಾಡಿದವಳು ಒನೊರೀನಾ.

“ಹಂಗಾದ್ರೆ ನಿಂದಲ್ವಾ ವಿಲ್ಲಾ?”

“ಅಲ್ಲ.”

“ಒಂದು ಕಿಟಕೀನೂ ಇಲ್ವಾ?”

“ಇಲ್ಲ.”

“ಅಬ್ಬಾ, ಮಾತೆ ಮರಿಯಾ!” ಎಂದು ಅವಳು ಆಕಾಶಕ್ಕೆ ಕೈಯೆತ್ತಿದಳು. “ಇವತ್ತು ನಿದ್ದೆ ಬರುತ್ತೆ ನಂಗೆ. ಕೊಡು ಆ ಕತ್ತರಿ!”

ನೆರೆಯವನ ಏಳಿಗೆ ಬರೀ ಸುಳ್ಳೆಂದು ತಿಳಿದಾಗ ಮನುಷ್ಯನಿಗೆ ಬರುವ ಶಕ್ತಿ ಸಾಮಾನ್ಯದ್ದಲ್ಲ. ಬ್ರೆಡ್ಡಿನವಳು ಮುಳ್ಳುಕಂಟಿ ಕಡಿದಳು, ಅಧ್ಯಕ್ಷ ಟೋಪಿ ತೆಗೆದೇ ಕಸ ಹೊತ್ತ, ಪಾದ್ರಿಗಳು ಏಣಿ ಹತ್ತಿ ಹೆಂಚು ಸರಿಮಾಡಿದರು. ಹತ್ತುವ ಮುನ್ನ ಇಗರ್ಜಿಯ ಮಾಡಿಗೂ ಇವರೆಲ್ಲ ಬರಬೇಕೆಂದು ಮಾತು ತೆಗೆದುಕೊಂಡಿದ್ದರು. ಕಿಟಕಿಗಳು ಒಂದೊಂದಾಗಿ ತೆರೆದವು. ಮೇಲಿನಿಂದ ದೊನ್ನಾ ಕ್ಲೆಲಿಯಾ, “ಯಜಮಾನರೇ, ಅದು ಕಳೆ ಅಲ್ಲ, ಅದು ಗುಲಾಬಿ!” ಎಂದು ಕೂಗುತ್ತಿದ್ದಳು.

ಇಡೀ ಊರಿಗೆ ನಿಜ ಗೊತ್ತಾಯಿತು, ಸಿನ್ಯೋರಾ ವಿಗನೋಗೆ ಬಿಟ್ಟು. ‘ಈ ಭಾನುವಾರ ಮಿಲಾನಿಗೆ ಹೋಗಿ ಹೇಳಿಬರ್ತೀನಿ’ ಎಂದು ಎಜೀದಿಯೊ ಪ್ರತಿ ಸೋಮವಾರ ಹೇಳುತ್ತಿದ್ದ.

ಆಕೆಯೇ ಬಂದಳು. ಮುಂಚಿತವಾಗಿ ತಿಳಿಸದೆ, ಮಗನನ್ನು ಕರೆದುಕೊಂಡು, ತಾರ್ಚೀಸಿಯೊನ ದೋಣಿಯಲ್ಲಿ ನೇರವಾಗಿ ವಿಲ್ಲಾದ ಮೆಟ್ಟಿಲಿಗೆ. ಆ ಹೊತ್ತಿಗೆ ಯಜಮಾನರು ಕೆಟ್ಟ ಕಾರಂಜಿಯ ತೊಟ್ಟಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು. ತಲೆಯ ಮೇಲೊಂದು ಕಪ್ಪೆ. ಮೇಲಿನಿಂದ ಮುದುಕಿಯೊಬ್ಬಳು ಬೈಯುತ್ತಿದ್ದಳು.

“ಸಿನ್ಯೋರ್ ಪೆದುಜ್ಜಿ, ನಿಮ್ಮನ್ನ ಹೀಗೆ ಬೈತಿರೋ ಈ ಹೆಂಗಸು ಯಾರು?” ಎಂದಳು ಸಿನ್ಯೋರಾ.

ಎಜೀದಿಯೊ ನನ್ನನ್ನು ನೋಡಿದ, ಪಾಲ್ಮಿರಾಳನ್ನು ನೋಡಿದ. ಲೊರೆದಾನಾ ಹಾರೆ ಹಿಡಿದು ಬಿಳಿಚಿಕೊಂಡು ನಿಂತಿದ್ದಳು. ಅವಳ ಮುಖ ನೋಡಿದವನೇ ಕಪ್ಪೆಯನ್ನು ತೆಗೆದು ಮೆಲ್ಲಗೆ ಕೆಳಗೆ ಬಿಟ್ಟ.

“ಮನೆಯೊಡತಿ, ಸಿನ್ಯೋರಾ. ನಾನು ಛತ್ರಿ ಮಾರೋನು. ಅವತ್ತು ನೀವು ಕೇಳಿದ್ದು ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ಆಮೇಲೆ ತಿಳೀತು. ತಿಳಿದ ಮೇಲೂ ಹೇಳ್ಲಿಲ್ಲ. ನೀವು ಗೌರವ ಕೊಟ್ರಲ್ಲ, ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ. ತಪ್ಪು ನಂದು. ಮಗಳದ್ದು ಏನೂ ಇಲ್ಲ.”

ಸಿನ್ಯೋರಾಳ ಮುಖ ಕಮೇಲಿಯಾ ಬಣ್ಣಕ್ಕೆ ತಿರುಗಿತು. “ಮಿಲಾನಲ್ಲಿ ಎಲ್ಲರಿಗೂ ಹೇಳಿದೀನಿ! ನನ್ನ ನಾದಿನಿಗೆ ಎರಡು ಸಲ ಹೇಳಿದೀನಿ! ವಾಲ್ತೆರ್, ನಡಿ.”

ವಾಲ್ತೆರ್ ಹೋಗಲಿಲ್ಲ. ತನ್ನ ಬೂಟು ಕಳಚಿದ, ಪ್ಯಾಂಟು ಮಡಚಿದ, ಕಾರಂಜಿಯ ತೊಟ್ಟಿಗಿಳಿದು ಮಾವನ ಪಕ್ಕ ನಿಂತ. “ನೀನು ಹೋಗಿರಮ್ಮ. ನಂಗಿಲ್ಲಿ ಕೆಲಸ ಇದೆ,” ಎಂದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾವು ಅದೇ ಮೊದಲು ಕೇಳಿದ್ದು. ಲೊರೆದಾನಾ ಹಾರೆಗೆ ಮುಖ ಒತ್ತಿ ಅತ್ತಳು.

ಸಿನ್ಯೋರಾ ಒಬ್ಬಳೇ ದೋಣಿಯ ಕಡೆ ಹೊರಟಳು. ಆಗ ಮೇಲಿನಿಂದ, “ನಿಲ್ಲಿ, ನಾನೂ ಬರ್ತೀನಿ!” ಎಂದು ಕೇಳಿಸಿತು.

ದೊನ್ನಾ ಕ್ಲೆಲಿಯಾ ಎರ್ಸಿಲಿಯಾಳ ತೋಳು ಹಿಡಿದು ಮೆಟ್ಟಿಲಿಳಿದು ಬಂದಳು. ನೀರು ಕಂಡು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಕಣ್ಣು ಮುಚ್ಚಿ, “ಯಜಮಾನರೇ, ಕೈ ಕೊಡಿ,” ಎಂದಳು. ಎಜೀದಿಯೊ ಕೆಸರುಗಾಲಲ್ಲೇ ಅವಳನ್ನು ಮಗುವಿನಂತೆ ಎತ್ತಿ ದೋಣಿಯಲ್ಲಿ, ಸಿನ್ಯೋರಾಳ ಪಕ್ಕ ಕೂರಿಸಿ ತಾನೂ ಹತ್ತಿದ. ನಾನೂ ಹತ್ತಿದೆ, ಇಂಥದ್ದನ್ನು ಬಿಟ್ಟು ಕಾಫಿ ಕಾಸುತ್ತ ಕೂರುವುದು ನನ್ನ ಜಾಯಮಾನವಲ್ಲ.

ದೋಣಿ ದಡ ಬಿಟ್ಟಿತು. ಮುದುಕಿ ಕಣ್ಣು ತೆರೆಯಲಿಲ್ಲ. ಪಕ್ಕದವಳ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಸಿನ್ಯೋರಾಗೆ ಕೋಪವಿತ್ತು, ಆದರೆ ನಡುಗುವ ಕೈಯನ್ನು ಕೊಡವಿ ಬಿಡುವಷ್ಟು ಕೋಪವಿರಲಿಲ್ಲ. ಸರೋವರದ ನಡುವೆ ತಾರ್ಚೀಸಿಯೊ ಎಂಜಿನ್ ನಿಲ್ಲಿಸಿದ. ಧ್ವನಿವರ್ಧಕವನ್ನು ತಾನಾಗಿ ಕೆಳಗಿಟ್ಟ.

“ಈಗ ನೋಡಿ ಅಮ್ಮ,” ಎಂದ ಎಜೀದಿಯೊ.

ದೊನ್ನಾ ಕ್ಲೆಲಿಯಾ ಕಣ್ಣು ತೆರೆದಳು. ಕಿಟಕಿಗಳೆಲ್ಲ ತೆರೆದು ಬಿಸಿಲಿಗೆ ಮಿಂಚುತ್ತಿದ್ದವು. ಅಜೇಲಿಯಾ ಹಂತದಿಂದ ಹಂತಕ್ಕೆ ಕೆಂಪಾಗಿ, ಬೆಳ್ಳಗೆ ಇಳಿದು ಬಂದು ನೀರಿನಲ್ಲಿ ಮತ್ತೊಮ್ಮೆ ಅರಳಿತ್ತು. ಕಾರಂಜಿಯ ತೊಟ್ಟಿಯಲ್ಲಿ ಹುಡುಗ, ಹುಡುಗಿ ಕೆಸರೆತ್ತುತ್ತಿದ್ದರು. ಏಣಿಯ ಮೇಲೆ ಪಾದ್ರಿಗಳು ಗಾಳಿಗೆ ನಿಲುವಂಗಿ ಹಾರಿಸಿಕೊಂಡು ಕೂತಿದ್ದರು.

“ಇದು ನನ್ನ ಮನೆನಾ?” ಎಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಅಯ್ಯೋ, ಇದನ್ನ ಮಾರೋಕೆ ಹೊರಟಿದ್ನಲ್ಲ! ತಾರ್ಚೀಸಿಯೊ, ಇನ್ನೊಂದು ಸುತ್ತು.”

ಮತ್ತೊಂದು ಸುತ್ತು ಹಾಕಿದೆವು. ಸಿನ್ಯೋರಾ ವಿಗನೋ ದಡವನ್ನೇ, ಕೆಸರಲ್ಲಿ ನಿಂತು ನಗುತ್ತಿದ್ದ ಮಗನನ್ನೇ ನೋಡುತ್ತಿದ್ದಳು. ಕೊನೆಗೆ ಗಂಟಲು ಸರಿಪಡಿಸಿಕೊಂಡಳು.

“ಛತ್ರಿಯವರೇ.”

“ಹೇಳಿ, ಸಿನ್ಯೋರಾ.”

“ಮೇಜುಗಳನ್ನ ಮೇಲೆ ಹಾಕ್ಬೇಡಿ. ಕೆಳಗೆ, ಮೆಟ್ಟಿಲ ಹತ್ರ ಹಾಕಿ. ನೀರಿಂದ ನೋಡೋರಿಗೆ ಚೆನ್ನಾಗಿ ಕಾಣುತ್ತೆ.”

“ನನಗೂ ಹಾಗೇ ಅನ್ನಿಸ್ತು,” ಎಂದಳು ದೊನ್ನಾ ಕ್ಲೆಲಿಯಾ. ಆಮೇಲೆ ಇಬ್ಬರೂ ಸೇರಿ ಮೇಜುಬಟ್ಟೆಯ ಬಣ್ಣದ ವಿಷಯದಲ್ಲಿ ಎಜೀದಿಯೊನನ್ನು ದಡ ಮುಟ್ಟುವವರೆಗೂ ಬೈದರು. ಅವನಷ್ಟು ಸಂತೋಷವಾಗಿ ಬೈಸಿಕೊಂಡವರನ್ನು ನಾನು ಕಂಡಿಲ್ಲ.

ಮೇ ತಿಂಗಳಲ್ಲಿ ಮದುವೆಯಾಯಿತು. ಸಿನ್ಯೋರಾಳ ಮಿಲಾನಿನ ನಾದಿನಿ ಬಂದು ಎಲ್ಲವನ್ನೂ ನೋಡಿ ಹೊಟ್ಟೆಯುರಿದುಕೊಂಡಳು. ಬೀಗಿತಿಗೆ ಅಷ್ಟು ಸಾಕಾಗಿತ್ತು. ಊಟದ ನಡುವೆ ವಧೂವರರಿಗೆ ಹಾರೈಸಲು ಎಲ್ಲರೂ ಲೋಟ ಎತ್ತಿದಾಗ ಮನೆಯೊಡತಿಯೇ ಕಾಣಲಿಲ್ಲ. ತೋಟವೆಲ್ಲ ಹುಡುಕಿದೆವು. ಎರ್ಸಿಲಿಯಾ ಗಾಬರಿಯಿಂದ ಕೂಗಾಡಿದಳು. ಕೊನೆಗೆ ಲೊರೆದಾನಾ ಸರೋವರದ ಕಡೆ ಕೈ ತೋರಿಸಿದಳು.

ದೂರದಲ್ಲಿ, ತಾರ್ಚೀಸಿಯೊ ನಡೆಸುತ್ತಿದ್ದ ದೋಣಿಯಲ್ಲಿ, ದೊನ್ನಾ ಕ್ಲೆಲಿಯಾ ಒಬ್ಬಳೇ ರಾಣಿಯ ಹಾಗೆ ಕೂತು ದೀಪ, ಹೂವು, ಜನ ತುಂಬಿದ ತನ್ನ ಮನೆಯನ್ನು ನೋಡುತ್ತಿದ್ದಳು.

“ದೊನ್ನಾ ಕ್ಲೆಲಿಯಾ! ಒಳಗೆ ಬನ್ನಿ, ಕೇಕು ಕತ್ತರಿಸ್ಬೇಕು!” ಎಂದು ಎಜೀದಿಯೊ ಬಾಯಿಗೆ ಕೈ ಹಿಡಿದು ಕೂಗಿದ.

“ನೀವೇ ಕತ್ತರಿಸ್ಕೊಳಿ!” ಎಂದು ನೀರಿನ ಮೇಲಿಂದ ಉತ್ತರ ಬಂತು. “ಒಳಗಿದ್ರೆ ಏನ್ರೀ ಕಾಣುತ್ತೆ?”